ಬೂಸ್ಟರ್ ಮೇಲೆ ಬೂಸ್ಟರ್ ಹಾಕಿಸಿಕೊಂಡರೆ ಇಮ್ಯೂನಿಟಿ ಸುಸ್ತಾಗುತ್ತದಾ?

ಓದುಗರೊಬ್ಬರ ಪ್ರಶ್ನೆ:

"ಡಾಕ್ಟ್ರೇ, ನನಗೆ 44 ವರ್ಷ. ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಕೆಲಸ. ಬಿಪಿ, ಶುಗರ್ ಏನೂ ಇಲ್ಲ. ಕೋವಿಡ್ ಲಸಿಕೆ ಮೂರು ಡೋಸ್ ಆಗಿದೆ. ಮನೆಯಲ್ಲಿ ಅಮ್ಮ ಇದ್ದಾರೆ ಅಂತ ಪ್ರತಿ ವರ್ಷ ಫ್ಲೂ ಲಸಿಕೆಯನ್ನೂ ಹಾಕಿಸಿಕೊಳ್ಳುತ್ತೇನೆ. ಅಮ್ಮನಿಗೆ 72, ಶುಗರ್ ಇದೆ, ಅವರಿಗೆ ಕೋವಿಡ್ ಲಸಿಕೆ ಐದು ಡೋಸ್ ಆಗಿದೆ. ಕೆಲಸದಲ್ಲಿ ತಗಡು ತಾಗಿ ಕೈ ಕೊಯ್ದುಕೊಳ್ಳುವುದು ನನಗೆ ಮಾಮೂಲು. ಹಾಗಾಗಿ ಆರು ವರ್ಷದಲ್ಲಿ ನಾಲ್ಕು ಸಲ ಟಿಟಿ ಇಂಜೆಕ್ಷನ್ ಆಗಿದೆ. ಕಳೆದ ಸಲ ಹಾಕಿಸಿಕೊಂಡ ರಾತ್ರಿಯೇ ಭುಜದಿಂದ ಮೊಣಕೈವರೆಗೆ ಊದಿ ಕೆಂಪಾಯಿತು, ಮೂರು ದಿನ ಕೈ ಎತ್ತೋಕಾಗಲಿಲ್ಲ. ಅದನ್ನು ನೋಡಿ ನನ್ನ ತಮ್ಮ, 'ಅಣ್ಣಾ, ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನಿನ್ನ ಇಮ್ಯೂನಿಟಿ ಸುಸ್ತಾಗಿದೆ' ಅಂತ ಒಂದು ಫಾರ್ವರ್ಡ್ ಕಳಿಸಿದ. ಅದರಲ್ಲಿ ಐಜಿಜಿ4 ಅಂತ ಏನೋ ಇದೆ. ಅಮ್ಮನ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರೆ ಹಿಂದಿನ ಸಲಕ್ಕಿಂತ ಅರ್ಧಕ್ಕೂ ಕೆಳಗೆ ಇಳಿದಿದೆ. ಇನ್ನು ಎಲ್ಲಾ ನಿಲ್ಲಿಸಿಬಿಡಲಾ? ಇಲ್ಲಾ ಅಮ್ಮನಿಗೆ ಇನ್ನೊಂದು ಹಾಕಿಸಲಾ?"

ನಿಮ್ಮ ತೋಳಿನಿಂದಲೇ ಶುರು ಮಾಡೋಣ. ಅದು ಊದಿದ್ದು ಇಮ್ಯೂನಿಟಿ ಸುಸ್ತಾಗಿ ಅಲ್ಲ. ಇಮ್ಯೂನಿಟಿ ತೀರಾ ಸಜ್ಜಾಗಿ ಕೂತಿದ್ದರಿಂದ.

ಟಿಟಿಯಲ್ಲಿ ಇರುವುದು ಧನುರ್ವಾಯು ರೋಗಾಣುವಿನ ವಿಷ, ಆದರೆ ವಿಷದ ಗುಣ ತೆಗೆದು ನಿರುಪದ್ರವಿ ಮಾಡಿದ್ದು. ಪದೇ ಪದೇ ಹಾಕಿಸಿಕೊಂಡಿದ್ದರಿಂದ ಅದರ ವಿರುದ್ಧದ ಆ್ಯಂಟಿಬಾಡಿ ನಿಮ್ಮ ರಕ್ತದಲ್ಲಿ ಮೊದಲೇ ತುಂಬಿತ್ತು. ಅದೇ ವಸ್ತು ಮತ್ತೆ ತೋಳಿನೊಳಗೆ ಬಂದ ಕೂಡಲೇ ಎರಡೂ ಅಲ್ಲೇ ಅಂಟಿಕೊಂಡು ಸಣ್ಣ ಸಣ್ಣ ಗಂಟುಗಳಾದವು. ಆ ಗಂಟುಗಳು ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸಿಕ್ಕಿಹಾಕಿಕೊಂಡವು, ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗಿದವು, ತೋಳು ಊದಿತು. ಇದಕ್ಕೆ ಆರ್ಥಸ್ ಪ್ರತಿಕ್ರಿಯೆ ಅಂತ ಹೆಸರು. ಸಾಮಾನ್ಯವಾಗಿ ಇಂಜೆಕ್ಷನ್ ಆದ 4ರಿಂದ 12 ಗಂಟೆಯೊಳಗೆ ಶುರುವಾಗುತ್ತದೆ, ಕೆಲವು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಕೈಗೆ ಶಾಶ್ವತ ತೊಂದರೆ ಆಗುವುದಿಲ್ಲ. ಹಾಕಿಸಿಕೊಂಡ ರಾತ್ರಿಯೇ ಅಂತ ನೀವು ಬರೆದದ್ದು ಇದಕ್ಕೆ ಸರಿಹೊಂದುತ್ತದೆ. (ನಾಲ್ಕೈದು ದಿನ ಬಿಟ್ಟು ಊದಿಕೊಂಡು, ದಿನೇ ದಿನೇ ಜಾಸ್ತಿಯಾಗಿ, ಕೀವು ಅಥವಾ ಜ್ವರ ಬಂದರೆ ಅದು ಬೇರೆ ಕಥೆ. ಅದು ಸೋಂಕು, ತಡ ಮಾಡದೆ ತೋರಿಸಬೇಕು.)

ಈ ವಿಷಯದಲ್ಲಿ ತಪ್ಪು ನಿಮ್ಮದಲ್ಲ, ನಮ್ಮದು. ನಾನು ಹೊಸದಾಗಿ ಕ್ಯಾಶುವಾಲ್ಟಿ ಡ್ಯೂಟಿ ಮಾಡುತ್ತಿದ್ದಾಗ, ಗಾಯ ಅಂತ ಯಾರೇ ಬಂದರೂ ಮುಖ ನೋಡುವ ಮೊದಲೇ ಚೀಟಿಯಲ್ಲಿ ಟಿಟಿ ಅಂತ ಬರೆದಿರುತ್ತಿದ್ದೆ. ಒಂದು ರಾತ್ರಿ ಬಂದ ಮರಗೆಲಸದವರೊಬ್ಬರು ಎರಡು ದಿನ ಬಿಟ್ಟು ವಾಪಸ್ ಬಂದರು. ಶರ್ಟಿನ ತೋಳು ಬಿಗಿಯಾಗಿ, ಗುಂಡಿ ಬಿಚ್ಚಿ ತೋಳು ಹೊರಗೆ ಬಿಟ್ಟುಕೊಂಡಿದ್ದರು. "ಡಾಕ್ಟ್ರೇ, ಗಾಯ ವಾಸಿ ಆಯ್ತು, ನಿಮ್ಮ ಸೂಜಿ ವಾಸಿ ಆಗಲಿಲ್ಲ" ಅಂದರು. ಕೇಳಿದರೆ ಅದಕ್ಕೂ ಹಿಂದಿನ ಒಂದೂವರೆ ವರ್ಷದಲ್ಲಿ ಮೂರು ಟಿಟಿ ಆಗಿತ್ತು. ಕೊನೆಯದು ಯಾವಾಗ ಅಂತ ನಾನು ಕೇಳಿದ್ದರೆ ಒಂದೇ ನಿಮಿಷದ ಕೆಲಸ. ಆವತ್ತಿನಿಂದ ಕೇಳದೆ ಬರೆದಿಲ್ಲ.

ನಿಮ್ಮ ಪತ್ರವನ್ನು ಇನ್ನೊಂದು ಸಲ ಓದಿ ನೋಡಿ. ನಾಲ್ಕು, ಮೂರು, ಐದು ಅಂತ ಎಲ್ಲದರ ಲೆಕ್ಕ ಇದೆ. ಯಾವುದು ಯಾವಾಗ ಆಯಿತು ಅಂತ ಎಲ್ಲೂ ಇಲ್ಲ. ಎಲ್ಲರೂ ಹೀಗೇ ಬರೆಯುತ್ತಾರೆ. ಆದರೆ ನಮಗೆ ಬೇಕಾಗಿರುವುದು ಆ ಎರಡನೆಯ ಮಾಹಿತಿ.

ಈಗ ಸುಸ್ತಿನ ವಿಚಾರ. ಇದು ಪೂರ್ತಿ ಕಟ್ಟುಕಥೆ ಅಲ್ಲ, ಬೇರೆ ಕಡೆಯಿಂದ ಎತ್ತಿಕೊಂಡು ಬಂದ ಮಾತು. ದೀರ್ಘಕಾಲ ಕಾಡುವ ವೈರಸ್ ಸೋಂಕು ತಗುಲಿಸಿದ ಇಲಿಗಳಲ್ಲಿ, ಆಮೇಲೆ ಎಚ್‌ಐವಿ, ಹೆಪಟೈಟಿಸ್ ಸಿ, ಕ್ಯಾನ್ಸರ್ ಇರುವ ಮನುಷ್ಯರಲ್ಲಿ, ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ನಿಜವಾಗಿಯೂ ಸೋತು ಕೂರುವುದನ್ನು ವಿಜ್ಞಾನಿಗಳು ನೋಡಿದ್ದಾರೆ. ಆದರೆ ಅಲ್ಲಿ ಶತ್ರು ಹಗಲೂ ರಾತ್ರಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೈಯೊಳಗೇ ಇರುತ್ತದೆ. ಕೋಶಗಳಿಗೆ ಒಂದು ದಿನವೂ ಬಿಡುವಿಲ್ಲ. ಲಸಿಕೆಯಲ್ಲಿ ಬಂದ ವಸ್ತು ಸಾಮಾನ್ಯವಾಗಿ ಕೆಲವು ದಿನ ಅಥವಾ ಕೆಲವು ವಾರದಲ್ಲಿ ಕರಗಿ ಹೋಗುತ್ತದೆ. ಆಮೇಲೆ ಟಿ ಕೋಶಗಳಿಗೆ ತಿಂಗಳುಗಟ್ಟಲೆ ರಜೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಇದಕ್ಕೆ ಒಂದು ವಿಚಿತ್ರ ಉದಾಹರಣೆಯೂ ಇದೆ. ಜರ್ಮನಿಯ ಮಾಗ್ಡೆಬರ್ಗ್‌ನ 62 ವರ್ಷದ ಒಬ್ಬ ವ್ಯಕ್ತಿ ತನ್ನದೇ ಖಾಸಗಿ ಕಾರಣಗಳಿಗಾಗಿ 29 ತಿಂಗಳಲ್ಲಿ 217 ಸಲ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದಾಗಿ ಹೇಳಿದ. ಅದರಲ್ಲಿ 134ಕ್ಕೆ ಅಧಿಕೃತ ದಾಖಲೆ ಸಿಕ್ಕಿತು. ಎರ್ಲಾಂಗೆನ್‌ನ ಸಂಶೋಧಕರು ಆತನ ರಕ್ತ ಪರೀಕ್ಷೆ ಮಾಡಿ 2024ರಲ್ಲಿ ವರದಿ ಪ್ರಕಟಿಸಿದರು. ಟಿ ಕೋಶಗಳು ಸುಸ್ತಾದ ಲಕ್ಷಣ ಕಾಣಲಿಲ್ಲ, ಬೇರೆ ರೋಗಾಣುಗಳಿಗೂ ಆತನ ದೇಹ ಮಾಮೂಲಿನಂತೆಯೇ ಸ್ಪಂದಿಸುತ್ತಿತ್ತು. ಒಬ್ಬನೇ ವ್ಯಕ್ತಿಯ ಕಥೆ ಇದು, ಎಲ್ಲರಿಗೂ ಅಳತೆಗೋಲು ಮಾಡಲಾಗದು. ಅದನ್ನು ಬರೆದವರೇ ಹೀಗೆ ಮಾಡಬೇಡಿ ಅಂತ ಎಚ್ಚರಿಸಿದ್ದಾರೆ. ಆದರೆ ಐದು ಡೋಸ್‌ಗೆ ಇಮ್ಯೂನಿಟಿ ಕುಸಿದುಬೀಳುತ್ತದೆ ಅನ್ನುವವರು 217 ಡೋಸ್ ಆದವನ ಬಗ್ಗೆ ಏನು ಹೇಳುತ್ತಾರೆ ಅಂತ ನನಗೆ ಕುತೂಹಲ.

ಹಾಗಾದರೆ ಡೋಸ್ ಮೇಲೆ ಡೋಸ್ ಬಂದಾಗ ಒಳಗೆ ಏನಾಗುತ್ತದೆ? ಲಸಿಕೆ ಆದ ಕೆಲವರಿಗೆ ಎರಡು ಮೂರು ದಿನಕ್ಕೆ ಆ ಕಡೆಯ ಕಂಕುಳಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಗುತ್ತದೆ. ಅದು ಲಿಂಫ್ ಗ್ರಂಥಿ. ಅದರೊಳಗೆ ಬಿ ಕೋಶಗಳು, ಅಂದರೆ ಆ್ಯಂಟಿಬಾಡಿ ತಯಾರಿಸುವ ಬಿಳಿ ರಕ್ತಕಣಗಳು, ತಮ್ಮ ಆ್ಯಂಟಿಬಾಡಿಯ ವಿನ್ಯಾಸವನ್ನು ಚೂರು ಚೂರೇ ಬದಲಾಯಿಸಿಕೊಳ್ಳುತ್ತಾ, ಲಸಿಕೆಯ ತುಣುಕಿಗೆ ಯಾರದು ಗಟ್ಟಿಯಾಗಿ ಅಂಟುತ್ತದೆ ಅಂತ ಪೈಪೋಟಿಗೆ ಇಳಿಯುತ್ತವೆ. ಗಟ್ಟಿಯಾಗಿ ಅಂಟಿದವು ಉಳಿಯುತ್ತವೆ, ಉಳಿದವು ಅಲ್ಲೇ ಸಾಯುತ್ತವೆ. ಮತ್ತೆ ಬದಲಾವಣೆ, ಮತ್ತೆ ಪೈಪೋಟಿ. 2021ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎಂಆರ್‌ಎನ್‌ಎ ಲಸಿಕೆ (ಫೈಜರ್, ಮಾಡರ್ನಾದಂಥದ್ದು) ಪಡೆದವರ ಕಂಕುಳ ಗ್ರಂಥಿಯಿಂದ ಸೂಜಿಯಲ್ಲಿ ಕೋಶಗಳನ್ನು ತೆಗೆದು ನೋಡಿದರು. ಎರಡನೇ ಡೋಸ್ ಆಗಿ 12 ವಾರವಾದರೂ ಈ ಕೆಲಸ ನಿಂತಿರಲಿಲ್ಲ. ಸಾಮಾನ್ಯವಾಗಿ ತೋಳಿನ ನೋವು ಎರಡು ದಿನಕ್ಕೆ ಹೋಗಿರುತ್ತದೆ, ಗ್ರಂಥಿಯೊಳಗಿನ ಕೆಲಸ ಮಾತ್ರ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ.

ಈ ಕೆಲಸ ಮುಗಿಯುವ ಮೊದಲೇ ಇನ್ನೊಂದು ಡೋಸ್ ಕೊಟ್ಟರೆ? ರಕ್ತದಲ್ಲಿ ಆಗಲೇ ಇರುವ ಆ್ಯಂಟಿಬಾಡಿಗಳು ಹೊಸದಾಗಿ ಬಂದ ವಸ್ತುವನ್ನು ಹಿಡಿದು, ಮುಚ್ಚಿ, ಸಾಗಹಾಕಿಬಿಡುತ್ತವೆ. ಬಿ ಕೋಶಗಳ ಕಣ್ಣಿಗೆ ಅದು ಸರಿಯಾಗಿ ಬೀಳುವುದೇ ಇಲ್ಲ. ಆದ್ದರಿಂದ ಆ್ಯಂಟಿಬಾಡಿ ಮೊದಲೇ ಜಾಸ್ತಿ ಇದ್ದವರಿಗೆ ಬೂಸ್ಟರ್‌ನಿಂದ ಸಿಗುವ ಏರಿಕೆ ಕಮ್ಮಿ, ಕಮ್ಮಿ ಇದ್ದವರಿಗೆ ಏರಿಕೆ ಜಾಸ್ತಿ. ಮೊದಲ ಮತ್ತು ಎರಡನೆಯ ಡೋಸ್ ನಡುವೆ ಕಾಣುವ ಆ ದೊಡ್ಡ ಜಿಗಿತ ನಾಲ್ಕು ಮತ್ತು ಐದರ ನಡುವೆ ಇರುವುದಿಲ್ಲ. ದೇಹ ಸುಸ್ತಾಗಿಲ್ಲ, ಸಾಕು ಅನ್ನುತ್ತಿದೆ. ಹೊಟ್ಟೆ ತುಂಬಿದವನು ಎಲೆ ಮುಚ್ಚುವುದಿಲ್ಲವೇ, ಹಾಗೆ.

ಇನ್ನು ಅಮ್ಮನ ರಿಪೋರ್ಟು. ಅರ್ಧಕ್ಕೆ ಇಳಿಯದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು. ರಕ್ತದಲ್ಲಿರುವ ಐಜಿಜಿ ಅನ್ನುವ ಮುಖ್ಯ ಬಗೆಯ ಆ್ಯಂಟಿಬಾಡಿ ಸುಮಾರು ಮೂರು ವಾರಕ್ಕೆ ಅರ್ಧದಷ್ಟು ಕರಗುತ್ತದೆ. ಡೋಸ್ ಆದ ಹೊಸದರಲ್ಲಿ ಅದನ್ನು ಭರ್ಜರಿಯಾಗಿ ತಯಾರಿಸುವ ಕೋಶಗಳಲ್ಲಿ ಹೆಚ್ಚಿನವು ಅಲ್ಪಾಯುಷಿಗಳು. ಅವು ಸತ್ತ ಮೇಲೆ ಮಟ್ಟ ಇಳಿಯಲೇಬೇಕು. ಒಂದಷ್ಟು ಕೋಶಗಳು ಮಾತ್ರ ಮೂಳೆಯ ಮಜ್ಜೆಗೆ ಹೋಗಿ ನೆಲೆ ನಿಂತು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ತಯಾರಿಸುತ್ತಿರುತ್ತವೆ. ಇವಲ್ಲದೆ ರೋಗಾಣುವಿನ ಗುರುತು ಇಟ್ಟುಕೊಂಡು ಕಾಯುವ ನೆನಪಿನ ಕೋಶಗಳಿವೆ, ಟಿ ಕೋಶಗಳಿವೆ. ಅವು ನೀವು ಮಾಡಿಸಿದ ಟೆಸ್ಟಿನಲ್ಲಿ ಕಾಣುವುದೇ ಇಲ್ಲ.

ಈ ನೆನಪು ಎಷ್ಟು ಕಾಲ ಇರಬಹುದು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಇದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರ ಹರಡಿತು. ಅದಕ್ಕೂ ಮೊದಲು ಅಲ್ಲಿ ದಡಾರ ಬಂದಿದ್ದು 1781ರಲ್ಲಿ. ತನಿಖೆಗೆ ಹೋದ ಪೀಟರ್ ಪಾನುಮ್ ಎಂಬ ಯುವ ವೈದ್ಯ ಒಂದು ವಿಷಯ ಗಮನಿಸಿದ: ಊರಿಗೆ ಊರೇ ಮಲಗಿದ್ದರೂ, 65 ವರ್ಷದ ಹಿಂದೆ ಚಿಕ್ಕಂದಿನಲ್ಲಿ ದಡಾರ ಆಗಿದ್ದ ಮುದುಕರಿಗೆ ಮತ್ತೆ ಬರಲಿಲ್ಲ. ನಡುವೆ ಯಾವ ಬೂಸ್ಟರೂ ಇಲ್ಲ.

ಹಾಗಿದ್ದ ಮೇಲೆ ಬೂಸ್ಟರ್ ಯಾಕೆ ಬೇಕು ಅಂತ ಕೇಳುತ್ತೀರಿ ಅಲ್ವಾ? ನೆನಪಿನ ಕೋಶ ಎಚ್ಚೆತ್ತು ಕೆಲಸ ಶುರು ಮಾಡಲು ಕೆಲವು ದಿನ ಬೇಕು. ಹೆಪಟೈಟಿಸ್ ಬಿ ಮೈಯೊಳಗೆ ಹೊಕ್ಕು ಕಾಯಿಲೆಯಾಗಲು ತಿಂಗಳುಗಳೇ ಹಿಡಿಯುವುದರಿಂದ ಆ ಕೋಶಗಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಅದಕ್ಕೇ ಮೂರು ಡೋಸ್ ಪೂರ್ತಿ ಮಾಡಿದ ಆರೋಗ್ಯವಂತರಿಗೆ ಬೂಸ್ಟರ್ ಬೇಡ ಅನ್ನುತ್ತೇವೆ, ಆ್ಯಂಟಿಬಾಡಿ ಇಳಿದಿದ್ದರೂ ಸರಿ. ಫ್ಲೂ, ಕೋವಿಡ್ ಹಾಗಲ್ಲ, ಎರಡು ಮೂರು ದಿನದಲ್ಲೇ ಮೂಗು ಗಂಟಲು ಹಿಡಿಯುತ್ತವೆ, ಮೇಲಾಗಿ ವೇಷ ಬದಲಿಸುತ್ತಿರುತ್ತವೆ. ಅಲ್ಲಿ ನೆನಪಿನ ಕೋಶಗಳು ಬರುವಷ್ಟರಲ್ಲಿ ನೆಗಡಿ ಜ್ವರ ಬಂದಾಗಿರುತ್ತದೆ, ಆದರೆ ಅದು ಶ್ವಾಸಕೋಶಕ್ಕೆ ಇಳಿದು ಆಸ್ಪತ್ರೆ ಸೇರುವ ಹಂತ ತಲುಪದಂತೆ ಅವು ತಡೆಯುತ್ತವೆ. ಬೂಸ್ಟರ್ ಹಾಕಿಸಿಕೊಂಡರೂ ಜ್ವರ ಬಂತಲ್ಲ ಅನ್ನುವ ದೂರಿಗೆ ಉತ್ತರವೂ ಇದೇ. ಧನುರ್ವಾಯುವಿನದು ಇನ್ನೊಂದು ಥರ. ಅದರ ವಿಷ ಎಷ್ಟು ತೀಕ್ಷ್ಣ ಅಂದರೆ, ಪ್ರಾಣ ತೆಗೆಯುವಷ್ಟು ಪ್ರಮಾಣವೂ ಇಮ್ಯೂನಿಟಿಯನ್ನು ಎಬ್ಬಿಸಲು ಸಾಲದು. ಕಾಯಿಲೆ ಬಂದು ಬದುಕಿ ಉಳಿದವರಿಗೂ ಲಸಿಕೆ ಕೊಡಬೇಕಾಗುತ್ತದೆ. ಹಾಗಾಗಿ ಆ್ಯಂಟಿಬಾಡಿ ರಕ್ತದಲ್ಲಿ ಮೊದಲೇ ಇರಬೇಕು, ಅದಕ್ಕೇ 10 ವರ್ಷಕ್ಕೊಮ್ಮೆ ಬೂಸ್ಟರ್.

ನೆನಪಿನ ಕೋಶಗಳನ್ನು ನಾವು ಎಷ್ಟು ನಂಬುತ್ತೇವೆ ಅನ್ನುವುದಕ್ಕೆ ರೇಬಿಸ್ ಲಸಿಕೆ ನೋಡಿ. ಹಿಂದೆ ಪೂರ್ತಿ ಕೋರ್ಸ್ ಆಗಿರುವವರಿಗೆ ಮತ್ತೆ ನಾಯಿ ಕಚ್ಚಿದರೆ ಆ ದಿನ ಒಂದು, ಮೂರನೇ ದಿನ ಒಂದು, ಎರಡೇ ಡೋಸ್ ಕೊಡುವ ಪದ್ಧತಿ ಇದೆ. ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬ್ಯುಲಿನ್ (ಹೊರಗಿನಿಂದ ಕೊಡುವ ಸಿದ್ಧ ಆ್ಯಂಟಿಬಾಡಿ) ಬೇಡ. ಬಂದರೆ ಸಾವೇ ಗತಿ ಅನ್ನುವಂಥ ಕಾಯಿಲೆಯಲ್ಲೂ ನಾವು ಅದರ ಮೇಲೆ ಭಾರ ಹಾಕುತ್ತೇವೆ.

ಫಾರ್ವರ್ಡ್‌ನ ಐಜಿಜಿ4 ಮಾತ್ರ ಸುಳ್ಳಲ್ಲ, ಅದಕ್ಕೇ ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಐಜಿಜಿಯಲ್ಲೇ ಒಂದು ಬಗೆಯಾದ ಐಜಿಜಿ4 ಸ್ವಲ್ಪ ಮೆತ್ತಗಿನದು. ಶತ್ರುವನ್ನು ಹಿಡಿಯುತ್ತದೆ, ಆದರೆ ಜನ ಸೇರಿಸಿ ಗಲಾಟೆ ಮಾಡುವುದಿಲ್ಲ. ಎಂಆರ್‌ಎನ್‌ಎ ಲಸಿಕೆ ಪಡೆದವರನ್ನು ಜರ್ಮನಿಯ ಸಂಶೋಧಕರು ಹಿಂಬಾಲಿಸಿದಾಗ, ಎರಡನೇ ಡೋಸ್ ಆದ ಹೊಸದರಲ್ಲಿ ಸ್ಪೈಕ್ (ಕೋವಿಡ್ ವೈರಸ್ ಮೈಮೇಲಿನ ಮುಳ್ಳಿನಂಥ ಪ್ರೋಟೀನ್) ವಿರುದ್ಧದ ಐಜಿಜಿಯಲ್ಲಿ ಇದರ ಪಾಲು ಸರಾಸರಿ ಶೇ 0.04 ಇದ್ದದ್ದು, ಮೂರನೇ ಡೋಸ್ ಆಗಿ ಕೆಲವು ತಿಂಗಳ ಮೇಲೆ ಶೇ 19ರ ಆಸುಪಾಸಿಗೆ ಏರಿತ್ತು. ಇದೇ ಬದಲಾವಣೆ ವರ್ಷಗಟ್ಟಲೆ ಜೇನು ಕಚ್ಚಿಸಿಕೊಂಡ ಜೇನು ಸಾಕಣೆಗಾರರಲ್ಲೂ ಕಾಣುತ್ತದೆ. ಅಲರ್ಜಿಗೆ ಮೂರರಿಂದ ಐದು ವರ್ಷ ಇಂಜೆಕ್ಷನ್ ಕೊಡುವಾಗ ನಾವು ಬೇಕು ಅಂತಲೇ ಇದನ್ನು ಬರಿಸುತ್ತೇವೆ. ಒಂದೇ ವಸ್ತು ಪದೇ ಪದೇ ಬಂದಾಗ ದೇಹ ಹಾಕುವ ಒಂದು ಬ್ರೇಕು ಇದು. ಇದರಿಂದ ಇಮ್ಯೂನಿಟಿ ಸತ್ತುಹೋಯಿತು, ಕ್ಯಾನ್ಸರ್ ಬರುತ್ತದೆ ಅನ್ನುವುದೆಲ್ಲ ಫಾರ್ವರ್ಡ್ ಬರೆದವರು ಸೇರಿಸಿದ ಒಗ್ಗರಣೆ. ಹಾಗಂತ ಬೇಕಿಲ್ಲದವರು ಮೂರು ಮೂರು ತಿಂಗಳಿಗೆ ಹಾಕಿಸಿಕೊಳ್ಳುತ್ತಾ ಹೋಗಿ ಅಂತ ನಾನು ಹೇಳಲಾರೆ, ಅದರಿಂದ ಲಾಭ ಇಲ್ಲ.

ಇನ್ನೆರಡು ನಿಜವಾದ ಮಿತಿಗಳನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಆಮೇಲೆ ಅದೂ ಒಂದು ಫಾರ್ವರ್ಡ್ ಆಗುತ್ತದೆ. ಇಮ್ಯೂನಿಟಿ ಮೊದಲು ಕಂಡ ಮುಖವನ್ನು ಸುಲಭಕ್ಕೆ ಮರೆಯುವುದಿಲ್ಲ. ಹೊಸ ತಳಿ ಬಂದರೂ ಹಳೆಯ ತಳಿಗೆ ಮಾಡಿದ ಆ್ಯಂಟಿಬಾಡಿಯನ್ನೇ ಮೊದಲು ಹೊರಗೆ ತೆಗೆಯುತ್ತದೆ. ಫ್ಲೂ ವಿಷಯದಲ್ಲಿ ಇದನ್ನು ಗಮನಿಸಿದ ಅಮೆರಿಕದ ವಿಜ್ಞಾನಿ ಥಾಮಸ್ ಫ್ರಾನ್ಸಿಸ್ 1960ರಲ್ಲೇ ಇದಕ್ಕೆ 'ಮೂಲ ಪಾಪ' ಅನ್ನುವಂಥ ಹೆಸರು ಕೊಟ್ಟಿದ್ದ. ಪ್ರತಿ ವರ್ಷ ಫ್ಲೂ ಲಸಿಕೆ ಪಡೆಯುವವರಲ್ಲಿ ಕೆಲವು ವರ್ಷ ಪರಿಣಾಮ ತುಸು ಕಮ್ಮಿ ಕಾಣುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆದರೂ ಏನೂ ಹಾಕಿಸಿಕೊಳ್ಳದವರಿಗಿಂತ ಅವರೇ ವಾಸಿ. ಎರಡನೆಯದು, ರೋಗಾಣುವಿನ ಸಕ್ಕರೆ ಕವಚದಿಂದ ಮಾತ್ರ ಮಾಡಿದ ಹಳೆಯ ಮಾದರಿಯ ಮೆದುಳುಜ್ವರ, ನ್ಯುಮೋನಿಯಾ ಲಸಿಕೆಗಳು. ಟಿ ಕೋಶಗಳ ನೆರವಿಲ್ಲದೆ ಕೆಲಸ ಮಾಡುವ ಇವು ನೆನಪು ಕಟ್ಟುವುದಿಲ್ಲ. ಇವನ್ನು ಮತ್ತೆ ಮತ್ತೆ ಕೊಟ್ಟರೆ ಪ್ರತಿಕ್ರಿಯೆ ನಿಜಕ್ಕೂ ಮಂಕಾಗಬಹುದು. ಅದಕ್ಕೇ ಸಕ್ಕರೆಗೆ ಪ್ರೋಟೀನ್ ಜೋಡಿಸಿದ ಕಾಂಜುಗೇಟ್ ಲಸಿಕೆಗಳು ಬಂದವು.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ.

ನಿಮಗೆ ಕೋವಿಡ್ ಬೂಸ್ಟರ್ ಮತ್ತೆ ಬೇಕೇ ಬೇಕು ಅಂತೇನಿಲ್ಲ. ಬೇರೆ ಕಾಯಿಲೆ ಇಲ್ಲದ ನಿಮ್ಮ ವಯಸ್ಸಿನವರಿಗೆ ಮೊದಲ ಬೂಸ್ಟರ್ ಆದ ಮೇಲೆ ಮಾಮೂಲಿಯಾಗಿ ಇನ್ನಷ್ಟು ಡೋಸ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಹಾಕಿಸಿಕೊಂಡರೆ ಹಾನಿ ಅಂತಲ್ಲ, ಸಿಗುವ ಲಾಭ ಸಣ್ಣದು. ಫ್ಲೂ ಲಸಿಕೆ ಅಮ್ಮನ ಸಲುವಾಗಿ ಮುಂದುವರಿಸಿ, ಅದು ಒಳ್ಳೆಯ ಅಭ್ಯಾಸ.

ಅಮ್ಮನದು ಬೇರೆ ಲೆಕ್ಕ. 72 ವರ್ಷ, ಜೊತೆಗೆ ಶುಗರ್. ವಯಸ್ಸಾದಂತೆ ಹೊಸ ಟಿ ಕೋಶಗಳ ಹುಟ್ಟು ತೀರಾ ಕಮ್ಮಿಯಾಗುತ್ತದೆ, ಏರಿದ ಆ್ಯಂಟಿಬಾಡಿಯೂ ಬೇಗ ಇಳಿಯುತ್ತದೆ. ಅವರಂಥವರಿಗೆ ಹಿಂದಿನ ಡೋಸ್ ಆಗಿ 6 ಅಥವಾ 12 ತಿಂಗಳ ಮೇಲೆ ಇನ್ನೊಂದು ಕೊಡಬಹುದು ಅನ್ನುವುದು ಅದೇ ಸಲಹೆಯ ಇನ್ನೊಂದು ಭಾಗ. ಕೊನೆಯದಾಗಿ ವರ್ಷ ಕಳೆದಿದ್ದರೆ ನಾನು ಹಾಕಿಸಿ ಅನ್ನುತ್ತೇನೆ, ಹೊಸ ತಳಿಗೆ ಹೊಂದಿಸಿದ ಲಸಿಕೆ ಸಿಕ್ಕರೆ ಅದನ್ನೇ. ನಾಲ್ಕೇ ತಿಂಗಳಾಗಿದ್ದರೆ ಕಾಯಿರಿ. ನಡುವೆ ಅವರಿಗೆ ಕೋವಿಡ್ ಬಂದು ಹೋಗಿದ್ದರೆ ಅದೂ ಒಂದು ಬೂಸ್ಟರ್ ಇದ್ದಹಾಗೆ, ಮೂರು ತಿಂಗಳು ತಡೆದರೂ ನಡೆಯುತ್ತದೆ. ಒಂದೆರಡು ದಿನ ಮೈಕೈ ನೋವು, ಜ್ವರ ಬರಬಹುದು. ತೀವ್ರ ಅಲರ್ಜಿ ಬಹಳ ಅಪರೂಪ, ಬಂದರೂ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಬರುತ್ತದೆ, ಹಾಗಾಗಿ ಹಾಕಿಸಿದ ಕೂಡಲೇ ಎದ್ದು ಹೊರಡಬೇಡಿ. ಜನ ಹೆದರುವ ಹೃದಯದ ಉರಿಯೂತ ಮುಖ್ಯವಾಗಿ ಹದಿಹರೆಯದ ಮತ್ತು ಎಳೆಯ ಗಂಡಸರಲ್ಲಿ, ಎಂಆರ್‌ಎನ್‌ಎ ಲಸಿಕೆಯ ಎರಡನೇ ಡೋಸ್ ಆದ ವಾರದೊಳಗೆ ಕಂಡದ್ದು. ಅಲ್ಲೂ ಎರಡು ಡೋಸ್ ನಡುವೆ ಅಂತರ ಹೆಚ್ಚಿಸಿದಾಗ ಅದು ಕಮ್ಮಿಯಾಯಿತು. ಆ್ಯಂಟಿಬಾಡಿ ಟೆಸ್ಟ್ ಮತ್ತೆ ಮಾಡಿಸಬೇಡಿ. ಹೆಪಟೈಟಿಸ್ ಬಿಗೆ 10 ಅನ್ನುವ ಗೆರೆ ಇದೆ, ಕೋವಿಡ್‌ಗೆ ಇಷ್ಟಿದ್ದರೆ ಕ್ಷೇಮ ಅನ್ನುವ ಗೆರೆಯೇ ಇಲ್ಲ. ಗೆರೆ ಇಲ್ಲದ ಮೇಲೆ ಬಂದ ನಂಬರ್ ಇಟ್ಟುಕೊಂಡು ಮಾಡುವುದೇನು? ಅದರ ಬದಲು ಅಮ್ಮನಿಗೆ ನ್ಯುಮೋನಿಯಾದ ಕಾಂಜುಗೇಟ್ ಲಸಿಕೆ ಆಗಿದೆಯಾ ಅಂತ ನೋಡಿ. ಶುಗರ್ ಇರುವ ಹಿರಿಯರಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಇನ್ನು ನಿಮ್ಮ ಟಿಟಿ. ಮೂರು ಅಥವಾ ಹೆಚ್ಚು ಡೋಸ್ ಆಗಿರುವವರಿಗೆ ಸಣ್ಣ, ಶುಭ್ರ ಗಾಯವಾದರೆ ಕೊನೆಯದಾಗಿ 10 ವರ್ಷ ಕಳೆದಿದ್ದರೆ ಮಾತ್ರ ಮತ್ತೆ ಬೇಕು. ಮಣ್ಣು, ಗೊಬ್ಬರ ಮೆತ್ತಿದ ಗಾಯ ಅಥವಾ ಆಳವಾಗಿ ಚುಚ್ಚಿದ ಗಾಯವಾದರೆ 5 ವರ್ಷ. ನಿಮ್ಮ ತೋಳು ಈಗಾಗಲೇ ಹಾಗೆ ಊದಿರುವುದರಿಂದ ನಿಮಗೆ ಆ 5 ವರ್ಷದ ಲೆಕ್ಕವೂ ಇಲ್ಲ. ಗಾಯ ಎಂಥದ್ದೇ ಆಗಲಿ, ಕೊನೆಯ ಡೋಸ್ ಆಗಿ 10 ವರ್ಷದವರೆಗೆ ಬೇಡ. ಆಮೇಲೆ ಹಾಕಿಸುವಾಗ ಗಂಟಲಮಾರಿಗೂ ಸೇರಿ ಕೆಲಸ ಮಾಡುವ ಟಿಡಿ ಕೇಳಿ. ಯಾರಾದರೂ ಅಭ್ಯಾಸಬಲದಿಂದ ಟಿಟಿ ಬರೆಯಲು ಹೊರಟರೆ ಸಂಕೋಚ ಬಿಟ್ಟು ತೋಳಿನ ಕಥೆ ಹೇಳಿ. ನಾನು ಮರಗೆಲಸದವರಿಂದ ಕಲಿತ ಹಾಗೆ ಅವರೂ ಕಲಿಯಲಿ.

ಕೊನೆಯ ಟಿಟಿ ತಾರೀಕು, ಅಮ್ಮನ ಕೊನೆಯ ಕೋವಿಡ್ ಡೋಸ್ ತಾರೀಕು, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಅದರ ಫೋಟೋ ಇರಲಿ. ಮುಂದಿನ ಸಲ ತಗಡು ಕೊಯ್ದರೆ ಮೊದಲು ಕೈಯನ್ನು ನಲ್ಲಿ ಕೆಳಗೆ ಹಿಡಿದು, ಸೋಪು ಹಾಕಿ, ಐದು ನಿಮಿಷ ಚೆನ್ನಾಗಿ ತೊಳೆಯಿರಿ. ಸೂಜಿ ಬೇಕಾ ಬೇಡವಾ ಅಂತ ಆಮೇಲೆ ಚೀಟಿ ತೆಗೆದು ನೋಡಿದರಾಯಿತು.